ಬಂಡೆಯೂ ನಡೆಯುತ್ತದೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಅಡಿಯಲ್ಲಿರುವುದು 250 ಕೋಟಿ ವರ್ಷಗಳಿಗೂ ಹಳೆಯ ಶಿಲೆ. ಗುಡೇಕೋಟೆಯ ಬಂಡೆಗಳನ್ನು ಕಂಡವರಿಗೆ ಇವು ಅಲುಗಾಡುವಂಥವಲ್ಲ ಎನಿಸುವುದು ಸಹಜ. ಆದರೆ ಭಾರತವನ್ನು ಹೊತ್ತ ಭೂಫಲಕದೊಡನೆ ಅವೂ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯದತ್ತ ಸಾಗುತ್ತಿವೆ.

ಸಾಗಿಸುವ ಬಲ ಯಾವುದು? ಹಿಂದೂ ಮಹಾಸಾಗರದ ತಳದ ಏಣುಗಳಲ್ಲಿ ಹೊಸ ಶಿಲೆ ಹುಟ್ಟುತ್ತದೆ. ಆ ಎತ್ತರದಿಂದ ಜಾರುವ ನೆಲ ಫಲಕವನ್ನು ತಳ್ಳುತ್ತದೆ. ಅತ್ತ ಸುಮಾತ್ರಾ ಬಳಿ ತಣಿದು ಭಾರವಾದ ಸಾಗರತಳ ಭೂಮಿಯೊಳಕ್ಕೆ ಮುಳುಗುತ್ತ ಎಳೆಯುತ್ತದೆ. ಉತ್ತರದಲ್ಲಿ ಹಿಮಾಲಯದ ಬಳಿ ಏಷ್ಯಾ ಖಂಡ ಅಡ್ಡ ನಿಂತಿದೆ. ಈ ಒತ್ತಡದ ಒಂದಂಶ ದಕ್ಷಿಣದ ಶಿಲೆಗೂ ಬರುತ್ತದೆ. ಎಲ್ಲೋ ಹಳೆಯ ಬಿರುಕು ಜಾರಿದರೆ ಭೂಕಂಪ.

1843ರಲ್ಲಿ ಬಳ್ಳಾರಿ ನಡುಗಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತ ಸುಮಾರು 10 ಸಾವಿರ ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ, ಭಾರದ ಮಣ್ಣಿನ ಮಾಳಿಗೆ. ಅಂಥ ಮನೆಗಳು ಈ ತಾಲ್ಲೂಕುಗಳಲ್ಲೂ ಇವೆ.

ಹಿಮಾಲಯಕ್ಕೆ ಹೋಲಿಸಿದರೆ ಇಲ್ಲಿ ಅಪಾಯ ಬಹಳ ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ. ಫಲಕವನ್ನು ತಡೆಯಲು ಯಾರಿಂದಲೂ ಆಗದು. ಮನೆ ಕಟ್ಟುವಾಗ ಗೋಡೆಯ ಸುತ್ತ ಕಾಂಕ್ರೀಟ್ ಪಟ್ಟಿ ಬಿಗಿದು, ಸೂರನ್ನು ಹಗುರಗೊಳಿಸುವುದು ಎಲ್ಲರಿಂದಲೂ ಆದೀತು.