ಕಲಮಾನ್ಸಿ: ಪುಟ್ಟ ಹಣ್ಣು, ದೊಡ್ಡ ಹುಳಿ

(ಗ್ರಾಮದ ಸಭೆಯಲ್ಲಿ ಮಾಡಿದ ಭಾಷಣ)



ಫಿಲಿಪ್ಪೀನ್ಸ್ ದೇಶದ ಅಡಿಗೆಮನೆಗಳಲ್ಲಿ ನಮ್ಮ ನಿಂಬೆಯ ಕೆಲಸ ಮಾಡುವುದು ಕಲಮಾನ್ಸಿ ಎಂಬ ಪುಟ್ಟ ಹಣ್ಣು. ಗಾತ್ರ ದೊಡ್ಡ ಗೋಲಿಯಷ್ಟು. ಸಿಪ್ಪೆ ಹಸಿರು, ತೊಳೆ ಕಿತ್ತಳೆ ಬಣ್ಣ. ಮಿಂಡೋರೋ ದ್ವೀಪದಲ್ಲಿ ಇದರ ತೋಟಗಳು ಹೆಚ್ಚು.

ಇದನ್ನು ಆರಿಸುವಾಗ ಗಾತ್ರ ನೋಡಬಾರದು, ತೂಕ ನೋಡಬೇಕು. ಅಂಗೈಯಲ್ಲಿ ಭಾರವೆನಿಸಿ, ಸಿಪ್ಪೆ ತೆಳುವಾಗಿ ಹೊಳೆಯುತ್ತಿದ್ದರೆ ಒಳಗೆ ರಸ ತುಂಬಿದೆಯೆಂದು ತಿಳಿಯಿರಿ. ಹಳದಿಗೆ ತಿರುಗಿದರೆ ಹುಳಿ ತಗ್ಗುತ್ತದೆ. ಆದುದರಿಂದ ಬೆಳೆಗಾರರು ಹಸಿರಿರುವಾಗಲೇ ಕೊಯ್ಯುತ್ತಾರೆ.

ಬೀಜ ಬಹಳ. ತೊಟ್ಟಿನ ಬಳಿ ಅಡ್ಡಲಾಗಿ ಕೊಯ್ದು, ಸೋಸಿ ಹಿಂಡಬೇಕು. ರಸವನ್ನು ಕುದಿಸಿದರೆ ಪರಿಮಳ ಹೋಗಿ ಕಹಿಯಾಗುತ್ತದೆ. ನಾವು ಚಿತ್ರಾನ್ನವನ್ನು ಒಲೆಯಿಂದ ಇಳಿಸಿ ನಿಂಬೆ ಹಿಂಡುವುದಿಲ್ಲವೇ? ಅವರೂ ಹಾಗೆಯೇ ‘ಪನ್ಸಿತ್’ ಎಂಬ ಶಾವಿಗೆಗೆ ತಟ್ಟೆಯಲ್ಲೇ ಹಿಂಡುತ್ತಾರೆ. ಸುಟ್ಟ ಮೀನನ್ನು ಕಲಮಾನ್ಸಿ ಬೆರೆಸಿದ ಸೋಯಾ ರಸದಲ್ಲಿ ಅದ್ದಿ ತಿನ್ನುತ್ತಾರೆ.

ಫಸಲು ಒಮ್ಮೆಲೇ ಬಂದರೆ ಅಲ್ಲಿಯೂ ಬೆಲೆ ಇಳಿಯುತ್ತದೆ. ಆದರೆ ರಸವನ್ನು ಸೀಸೆಗಳಲ್ಲಿ ತುಂಬಿ ಮಾರುವ ಉದ್ಯಮವೂ ಅಲ್ಲಿದೆ. ನಿಂಬೆ ಅಗ್ಗವಾದಾಗ ನಮ್ಮಲ್ಲಿ ಎಷ್ಟೋ ಹಣ್ಣು ತಿಪ್ಪೆ ಸೇರುತ್ತದೆ. ಬುಟ್ಟಿಯಲ್ಲಿ ಕೊಳೆಯುವ ಮುಂಚೆಯೇ ಅದನ್ನು ಶರಬತ್ತಾಗಿಯೋ ಉಪ್ಪಿನಕಾಯಾಗಿಯೋ ಮಾಡೋಣ. ಬೆಳೆದುದನ್ನು ಉಳಿಸಿಕೊಂಡವನಿಗೇ ಲಾಭ.