ಇಬ್ಬರಿಗೆ ಎರಡು ದಿನ: ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿ ಸೀಮೆಯಲ್ಲಿ



ಗಂಡ ಹೆಂಡತಿ ಇಬ್ಬರೇ ಪ್ರವಾಸ ಹೋಗುವುದು ನಮ್ಮ ಮನೆಗಳಲ್ಲಿ ಅಷ್ಟಾಗಿ ರೂಢಿಯಲ್ಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಊಟಿಗೋ ಮಡಿಕೇರಿಗೋ ಹೋಗಿ ಬಂದರೆ ಮುಗಿಯಿತು. ಆಮೇಲೆ ಮಕ್ಕಳು, ಮಕ್ಕಳ ಪರೀಕ್ಷೆ, ಅತ್ತೆ ಮಾವನವರ ಆರೋಗ್ಯ, ನೆಂಟರ ಮನೆಯ ಗೃಹಪ್ರವೇಶ. ಹೊರಟರೂ ಹತ್ತು ಜನ ಸೇರಿ ಒಂದು ವ್ಯಾನು ಮಾಡಿಕೊಂಡು ಹೊರಡುತ್ತೇವೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಎರಡು ದಿನವಾದರೂ ಇಬ್ಬರೇ ಎಲ್ಲಿಗಾದರೂ ಹೋಗಿ ಬರುವುದು ಸಂಸಾರಕ್ಕೆ ಒಳ್ಳೆಯದೆಂಬುದು ನನ್ನ ಅನುಭವ. ಅಂಥ ಒಂದು ಪುಟ್ಟ ಪ್ರವಾಸದ ವಿಚಾರವನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ಹೋಗಬೇಕಾದ ಜಾಗ ಬೆಂಗಳೂರಿಗೆ ಬಹಳ ಹತ್ತಿರ. ದೊಡ್ಡಬಳ್ಳಾಪುರದಿಂದ ನಂದಿಬೆಟ್ಟದ ತಪ್ಪಲಿನವರೆಗೆ ಹಬ್ಬಿರುವ ದ್ರಾಕ್ಷಿ ಸೀಮೆ.

ದ್ರಾಕ್ಷಿ ಸೀಮೆ ಎಂದ ಮೇಲೆ ವೈನ್ ಮಾತು ಬಂದೇ ಬರುತ್ತದೆ. ಕೆಲವರು ಹುಬ್ಬೇರಿಸಬಹುದು. ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವವಳಲ್ಲ. ನಮ್ಮ ಯಜಮಾನರಿಗೆ ಅಪರೂಪಕ್ಕೊಮ್ಮೆ ರುಚಿ ನೋಡುವ ಆಸೆ. ಇಬ್ಬರಲ್ಲಿ ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ ಎಂಬ ಪರಿಸ್ಥಿತಿ ನಮ್ಮಲ್ಲಿ ಎಷ್ಟೋ ಮನೆಗಳದು. ಅಂಥ ಇಬ್ಬರೂ ಸಂತೋಷವಾಗಿ ಹೋಗಿ, ಕ್ಷೇಮವಾಗಿ ಮನೆಗೆ ಬರುವುದು ಹೇಗೆ? ಇಂದಿನ ಮಾತಿನ ತಿರುಳು ಅಷ್ಟೇ.

ಮೊದಲು ಈ ಸೀಮೆಯ ಪರಿಚಯ. ಬೆಂಗಳೂರಿನ ಗಾಡಿಗಳಲ್ಲಿ ಮಾರುವ ಕಪ್ಪು ದ್ರಾಕ್ಷಿ ನಿಮಗೆಲ್ಲ ಗೊತ್ತು. ಬಾಯಿಗಿಟ್ಟು ಒತ್ತಿದರೆ ಸಿಪ್ಪೆಯಿಂದ ತಿರುಳು ಜಾರಿ ಬರುತ್ತದೆ; ಒಳಗೆ ಬೀಜ, ನಾಲಗೆಯ ಮೇಲೆ ಹುಳಿ ಸಿಹಿ, ಮೂಗಿಗೆ ಘಮ್ಮೆನ್ನುವ ವಾಸನೆ. ಅದೇ ಬೆಂಗಳೂರು ಬ್ಲೂ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹಣ್ಣಿನ ರಸ, ಜಾಮ್, ಸಿಹಿ ವೈನ್ ಎಲ್ಲಕ್ಕೂ ಇದು ಬಳಕೆಯಾಗುತ್ತದೆ. ಇದನ್ನು ಬೆಳೆಸುವುದು ಕಲ್ಲುಕಂಬದ ಚಪ್ಪರದ ಮೇಲೆ. ಗೊಂಚಲುಗಳು ತಲೆಯ ಮೇಲೆ ತೂಗುತ್ತಿರುತ್ತವೆ.

ಅದೇ ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಬೇರೊಂದು ಬಗೆಯ ತೋಟ ಕಾಣುತ್ತದೆ. ಚಪ್ಪರವಿಲ್ಲ. ಎದೆಯೆತ್ತರಕ್ಕೆ ತಂತಿ ಎಳೆದು, ಸಾಲುಸಾಲಾಗಿ ಬಳ್ಳಿ ಹಬ್ಬಿಸಿರುತ್ತಾರೆ. ಹಣ್ಣು ಸಣ್ಣದು, ಸಿಪ್ಪೆ ದಪ್ಪ. ಇವು ಕ್ಯಾಬರ್ನೆ ಸೋವಿನ್ಯೋಂ, ಶಿರಾಜ್, ಸೋವಿನ್ಯೋಂ ಬ್ಲಾಂ ಮೊದಲಾದ ಫ್ರಾನ್ಸ್ ಮೂಲದ ವೈನ್ ತಳಿಗಳು. ಕನ್ವಲ್ ಗ್ರೋವರ್ ಎಂಬುವರು 1988ರಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಇಂಥ ತೋಟವನ್ನು ಆರಂಭಿಸಿದರು. ಅವರ ಸಂಸ್ಥೆ 2012ರಲ್ಲಿ ನಾಸಿಕ್ ಕಡೆಯ ಮತ್ತೊಂದು ಸಂಸ್ಥೆಯೊಡನೆ ಸೇರಿ ಗ್ರೋವರ್ ಜಂಪಾ ಆಯಿತು. ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲೆಂದು ನಮ್ಮ ರಾಜ್ಯ ಸರಕಾರ 2007ರಲ್ಲಿ ಒಂದು ವೈನ್ ನೀತಿಯನ್ನೇ ರೂಪಿಸಿತು.

ಫ್ರಾನ್ಸಿನ ಬಳ್ಳಿ ನಮ್ಮ ಬಿಸಿಲಿನಲ್ಲಿ ಬದುಕುವುದೇ? ಗುಟ್ಟು ಎತ್ತರದಲ್ಲಿದೆ. ಈ ಸೀಮೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹಗಲಿನ ಬಿಸಿಲು ಹಣ್ಣಿಗೆ ಸಿಹಿ ತುಂಬಿದರೆ, ರಾತ್ರಿಯ ತಂಪು ಅದರ ಹುಳಿಯನ್ನು ಕಾಪಾಡುತ್ತದೆ. ಎರಡೂ ಇದ್ದರೇ ವೈನ್ ರುಚಿಯಾಗುವುದು. ಇನ್ನೊಂದು ವಿಶೇಷವೂ ಉಂಟು. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಬಳ್ಳಿಗೆ ಆ ನಿದ್ದೆಯೇ ಇಲ್ಲ. ಆದ್ದರಿಂದ ರೈತ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾನೆ. ಬೇಸಿಗೆಯಲ್ಲಿ ಹಾಕುವುದು ಹೊಸ ಕೊಂಬೆಗಾಗಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹಾಕುವುದು ಹಣ್ಣಿಗಾಗಿ. ಆಮೇಲೆ ನಾಲ್ಕೈದು ತಿಂಗಳಿಗೆ ಕೊಯ್ಲು.

ಇದರಿಂದ ನೀವು ಯಾವಾಗ ಹೋಗಬೇಕೆಂಬುದೂ ತಿಳಿಯುತ್ತದೆ. ಬಳ್ಳಿಯಲ್ಲಿ ಹಣ್ಣು ನೋಡಬೇಕಾದರೆ ಫೆಬ್ರವರಿ, ಮಾರ್ಚ್ ಸುಮಾರಿಗೆ ಹೋಗಿ. ತಂಪು ಹವೆ ಬೇಕಾದರೆ ನವೆಂಬರ್, ಡಿಸೆಂಬರ್ ಚೆನ್ನ. ಆಗ ಎಲೆ, ಹೂವು, ಎಳೆಗಾಯಿ ಕಾಣಬಹುದು. ಮೇ ತಿಂಗಳಲ್ಲಿ ಹೋದರೆ ಬೋಳಿಸಿದ ಬಳ್ಳಿಯಲ್ಲಿ ಆಗತಾನೇ ಒಡೆದ ಚಿಗುರಷ್ಟೇ. ಸಾಧ್ಯವಾದರೆ ಶನಿವಾರ ಭಾನುವಾರ ಬೇಡ. ರಜಾ ದಿನ ನಂದಿಬೆಟ್ಟದ ರಸ್ತೆಯಲ್ಲಿ ವಾಹನಗಳ ಸಾಲು ನೋಡಿದರೆ ಬೆಂಗಳೂರೇ ನಿಮ್ಮ ಹಿಂದೆ ಬಂದಂತೆ ಕಾಣುತ್ತದೆ. ಗಾಂಧಿ ಜಯಂತಿ, ಮತದಾನದ ದಿನ ಮುಂತಾದ ಪಾನನಿಷೇಧದ ದಿನಗಳಲ್ಲಿ ರುಚಿ ತೋರಿಸುವುದೂ ಇಲ್ಲ, ಮಾರುವುದೂ ಇಲ್ಲ. ಕ್ಯಾಲೆಂಡರ್ ನೋಡಿಕೊಂಡೇ ದಿನ ಗೊತ್ತುಮಾಡಿ.

ಈಗ ನಮ್ಮದೇ ಕಥೆ. ಕೆಲವು ವರ್ಷಗಳ ಹಿಂದೆ, ನಮ್ಮ ಮದುವೆಯ ಇಪ್ಪತ್ತನೆಯ ವರ್ಷಕ್ಕೆ ನಾವು ಹೊರಟೆವು. ಯಜಮಾನರು ಒಂದು ಹಾಳೆಯ ತುಂಬ ಪಟ್ಟಿ ಮಾಡಿದ್ದರು. ಒಂದೇ ದಿನದಲ್ಲಿ ಬೆಟ್ಟ, ಕೋಟೆ, ಎರಡು ದೇವಸ್ಥಾನ, ಎರಡು ವೈನ್ ತೋಟ. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ನಾನೂ ಹೇಳಲಿಲ್ಲ, ಅದು ನನ್ನ ತಪ್ಪು. ಮೊದಲ ತೋಟಕ್ಕೆ ಮುಂಚಿತವಾಗಿ ತಿಳಿಸದೆ ಹೋದದ್ದರಿಂದ ಬಾಗಿಲಲ್ಲಿ ಮುಕ್ಕಾಲು ಗಂಟೆ ಕಾದೆವು. ಎರಡನೆಯ ಕಡೆ ಹೋಗುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ, ಊಟವಾಗಿರಲಿಲ್ಲ. ಅವರು ಖಾಲಿ ಹೊಟ್ಟೆಯಲ್ಲಿ ಐದಾರು ಬಗೆ ರುಚಿ ನೋಡಿದರು. "ಎರಡೆರಡು ಗುಟುಕು ಅಷ್ಟೇ ಕಣೇ, ಏನೂ ಆಗಲ್ಲ" ಎಂದು ಗಾಡಿ ಹತ್ತಿದರು. ನನಗೆ ಆಗ ಕಾರು ಓಡಿಸಲು ಬರುತ್ತಿರಲಿಲ್ಲ.

ಹಳ್ಳಿಯ ತಿರುವಿನಲ್ಲಿ ಒಬ್ಬ ಹುಡುಗ ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ. ನಾನು "ರೀ!" ಎಂದು ಕೂಗಿದೆ. ಬ್ರೇಕು ಬಿತ್ತು, ಹುಡುಗ ಗಾಬರಿಯಿಂದ ಸೈಕಲ್ಲಿನ ಸಮೇತ ಹೊಲದ ಕಡೆ ವಾಲಿದ. ಅವನಿಗೆ ಏನೂ ಆಗಲಿಲ್ಲ. ಹಾಲು ಮಾತ್ರ ಮಣ್ಣಿನಲ್ಲಿ ಹರಿಯಿತು. ಹಾಲಿನ ಹಣವನ್ನು ಅವನ ಕೈಯಲ್ಲಿಟ್ಟಾಗ ನಮ್ಮ ಯಜಮಾನರ ಕೈ ನಡುಗುತ್ತಿತ್ತು. ಗಾಡಿಯನ್ನು ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಿ, ಕತ್ತಲಾಗುವವರೆಗೂ ಕುಳಿತೆವು. ಬಹಳ ಹೊತ್ತಿನ ಮೇಲೆ ಅವರು, "ಆ ಮಗೂಗೆ ಏನಾದ್ರೂ ಆಗಿದ್ರೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ನಮ್ಮ ಭಾವಮೈದುನ ಬಸ್ಸಿನಲ್ಲಿ ಬಂದು ಗಾಡಿ ಓಡಿಸಿಕೊಂಡು ನಮ್ಮನ್ನು ಮನೆಗೆ ಕರೆದುಕೊಂಡು ಹೋದ. ಮರುವಾರವೇ ನಾನು ಕಾರು ಕಲಿಯಲು ಸೇರಿದೆ.

ಈ ಪ್ರಸಂಗ ಹೇಳಿದ್ದಕ್ಕೆ ಕಾರಣವಿದೆ. ಹೊರಡುವ ಮುನ್ನ ಮನೆಯಲ್ಲೇ ತೀರ್ಮಾನವಾಗಬೇಕಾದ ಮೊದಲ ವಿಷಯ, ಗಾಡಿ ಓಡಿಸುವವರು ಯಾರು ಎಂಬುದು. ಅದನ್ನು ತೋಟದ ಬಾಗಿಲಲ್ಲಿ ತೀರ್ಮಾನಿಸಲಾಗದು, ರುಚಿ ನೋಡಿದ ಮೇಲಂತೂ ಆಗದು. ಕಾನೂನಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ದಂಡದ ಮಾತು ಹಾಗಿರಲಿ, ಆ ಹುಡುಗನ ಮುಖ ನನಗೆ ಇಂದಿಗೂ ಕಣ್ಣಮುಂದಿದೆ. ಕುಡಿಯದವರು ಓಡಿಸಲಿ. ಇಬ್ಬರೂ ರುಚಿ ನೋಡುವವರಾದರೆ ಎರಡು ದಿನಕ್ಕೆ ಟ್ಯಾಕ್ಸಿ ಗೊತ್ತುಮಾಡಿ. ದೊಡ್ಡಬಳ್ಳಾಪುರಕ್ಕೆ ರೈಲೂ ಇದೆ, ಬಸ್ಸೂ ಇದೆ. ಅಲ್ಲಿಂದ ಆಟೋ ಮಾಡಿಕೊಳ್ಳಬಹುದು.

ಎರಡನೆಯ ಸಲ ಹೋದಾಗ ಇಬ್ಬರೂ ಅಡಿಗೆಮನೆಯ ಮೇಜಿನ ಬಳಿ ಕುಳಿತು ಯೋಜನೆ ಹಾಕಿದೆವು. ಅವರು ಒಂದು ಆಸೆ ಹೇಳಬೇಕು, ನಾನು ಒಂದು ಆಸೆ ಹೇಳಬೇಕು, ಮಿಕ್ಕದ್ದೆಲ್ಲ ಬಿಡುವು. ಅವರಿಗೆ ವೈನ್ ತೋಟ. ನನಗೆ ನಂದಿ ಗ್ರಾಮದ ಭೋಗನಂದೀಶ್ವರ. ಆ ಕ್ರಮವನ್ನೇ ನಿಮಗೂ ಹೇಳುತ್ತೇನೆ.

ಮೊದಲ ದಿನ ಬೆಳಗ್ಗೆ ಹೊಟ್ಟೆ ತುಂಬ ತಿಂಡಿ ತಿಂದು ಹೊರಡಿ. ದೊಡ್ಡಬಳ್ಳಾಪುರ ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್. ಊರೊಳಗೆ ಹೋದರೆ ರೇಷ್ಮೆ ಸೀರೆಯ ಮಗ್ಗಗಳ ಸದ್ದು ಬೀದಿಬೀದಿಯಲ್ಲೂ ಕೇಳುತ್ತದೆ. ಹನ್ನೊಂದರ ಹೊತ್ತಿಗೆ ಒಂದೇ ಒಂದು ವೈನ್ ತೋಟ. ಎರಡು ಬೇಡ. ಕೆಲವು ದಿನ ಮುಂಚೆಯೇ ದೂರವಾಣಿ ಮಾಡಿ ನಾಲ್ಕು ವಿಷಯ ಕೇಳಿಕೊಳ್ಳಿ: ನೋಡಲು ಬಿಡುವ ಸಮಯ ಯಾವುದು, ತಲೆಗೆ ಎಷ್ಟು ಶುಲ್ಕ, ಊಟದ ಏರ್ಪಾಡಿದೆಯೇ, ಕುಡಿಯದವರಿಗೆ ಶುಲ್ಕ ಕಡಿಮೆಯೇ. ಕೊನೆಯ ಪ್ರಶ್ನೆಗೆ ಸಂಕೋಚ ಬೇಡ.

ಕುಡಿಯದವರಿಗೆ ಅಲ್ಲಿ ಏನಿದೆ ಎನ್ನುತ್ತೀರಾ? ನನಗಂತೂ ಬಹಳ ಇತ್ತು. ಕೆಂಪು ವೈನಿನ ಬಣ್ಣ ಬರುವುದು ರಸದಿಂದಲ್ಲ, ಸಿಪ್ಪೆಯಿಂದ ಎಂಬುದು ನನಗೆ ಗೊತ್ತೇ ಇರಲಿಲ್ಲ. ಕಪ್ಪು ದ್ರಾಕ್ಷಿಯನ್ನು ಸಿಪ್ಪೆಸಹಿತ ಹುದುಗಲು ಬಿಟ್ಟರೆ ಕೆಂಪು ವೈನ್. ಬಿಳಿ ವೈನಿಗೆ ಹಣ್ಣನ್ನು ಹಿಂಡಿ, ಸಿಪ್ಪೆ ಬೇರ್ಪಡಿಸಿ, ರಸವನ್ನು ಮಾತ್ರ ಹುದುಗಿಸುತ್ತಾರೆ. ನಮ್ಮ ಇಡ್ಲಿ ಹಿಟ್ಟು ಉಬ್ಬಿ ಬರುವಂತೆಯೇ ಇಲ್ಲೂ ಕಣ್ಣಿಗೆ ಕಾಣದ ಜೀವಿಗಳ ಕೆಲಸ. ಯೀಸ್ಟ್ ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ. ಉಕ್ಕಿನ ದೊಡ್ಡ ದೊಡ್ಡ ತೊಟ್ಟಿಗಳನ್ನು ತಣ್ಣಗಿಟ್ಟು ಈ ಕೆಲಸವನ್ನು ನಿಧಾನ ಮಾಡುತ್ತಾರೆ. ಕೆಲವು ವೈನುಗಳನ್ನು ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಆ ಕೋಣೆಯ ತಂಪು, ಮರದ ವಾಸನೆ, ಅದನ್ನು ನೋಡುವುದೇ ಒಂದು ಅನುಭವ.

ರುಚಿ ನೋಡುವವರಿಗೆ ಒಂದೆರಡು ಮಾತು. ಲೋಟದ ಕಾಲು ಹಿಡಿದು ಮೆಲ್ಲಗೆ ತಿರುಗಿಸಿ, ಮೊದಲು ಮೂಗಿಗೆ ಹಿಡಿಯಿರಿ, ಆಮೇಲೆ ಒಂದು ಗುಟುಕು. ಬಾಯಲ್ಲಿ ಆಡಿಸಿ ಉಗುಳುವುದಕ್ಕೆಂದೇ ಮೇಜಿನ ಮೇಲೆ ಪಾತ್ರೆಯಿಟ್ಟಿರುತ್ತಾರೆ. ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬಲ್ಲವರೇ ಹಾಗೆ ಮಾಡುತ್ತಾರೆ. ನಡುನಡುವೆ ನೀರು ಕುಡಿಯಿರಿ. ವೈನ್ ಹಣ್ಣಿನದಾದ್ದರಿಂದ ಆರೋಗ್ಯಕ್ಕೆ ಒಳ್ಳೆಯದೆಂಬ ಮಾತನ್ನು ನಂಬಬೇಡಿ. ಮದ್ಯಸಾರದಲ್ಲಿ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗರ್ಭಿಣಿಯರಿಗೆ ಒಂದು ಗುಟುಕೂ ಬೇಡ. ದಿನವೂ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಹೊರಡಿ. ಸೀಸೆ ಕೊಂಡರೆ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಕೆಟ್ಟುಹೋಗುತ್ತದೆ.

ಊಟವಾದ ಮೇಲೆ ನೇರವಾಗಿ ತಂಗುವ ಜಾಗಕ್ಕೆ ಹೋಗಿ ವಿಶ್ರಮಿಸಿಕೊಳ್ಳಿ. ಬೆಟ್ಟದ ಕಡಿದಾದ ತಿರುವುಗಳು ಅಂದಿಗೆ ಬೇಡವೇ ಬೇಡ. ಸಂಜೆ ತಪ್ಪಲಿನ ಹಳ್ಳಿಯ ದಾರಿಯಲ್ಲಿ ಇಬ್ಬರೂ ನಡೆದು ಬನ್ನಿ. ಹೀಗೆ ನಡೆದಾಗಲೇ ನಮಗೆ ಬೆಂಗಳೂರು ಬ್ಲೂ ಬೆಳೆಯುವ ಒಬ್ಬ ರೈತರು ಮಾತಿಗೆ ಸಿಕ್ಕರು. ಹಣ್ಣು ಬಲಿತಾಗ ಮಳೆ ಹಿಡಿದರೆ ರೋಗ ಬಂದು ಇಡೀ ವರ್ಷದ ದುಡಿಮೆ ಹೋಗುತ್ತದೆ ಎಂದರು. "ನೀವು ಗೊಂಚಲು ನೋಡ್ತೀರಮ್ಮಾ, ನಾವು ಮೋಡ ನೋಡ್ತೀವಿ" ಎಂದರು. ಅಂದಿನಿಂದ ಗಾಡಿಯವನೊಡನೆ ದ್ರಾಕ್ಷಿಗೆ ಚೌಕಾಶಿ ಮಾಡುವಾಗ ನನ್ನ ನಾಲಗೆ ಸ್ವಲ್ಪ ತಡೆಯುತ್ತದೆ.

ಎರಡನೆಯ ದಿನ ಬೆಳಗಿನ ಜಾವವೇ ಬೆಟ್ಟ. 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಮಂಜು ಹರಿದು ಕೆಳಗಿನ ಸೀಮೆ ಮೆಲ್ಲಗೆ ತೆರೆದುಕೊಳ್ಳುವುದನ್ನು ಒಂದು ಶಾಲು ಹೊದ್ದು ನೋಡಿ. ಮಹಾತ್ಮಾ ಗಾಂಧಿಯವರು 1927ರಲ್ಲಿಯೂ 1936ರಲ್ಲಿಯೂ ಆರೋಗ್ಯ ಸುಧಾರಣೆಗಾಗಿ ಇಲ್ಲಿ ತಂಗಿದ್ದರು. ಪಾನನಿರೋಧಕ್ಕಾಗಿ ಹೋರಾಡಿದ ಆ ಮಹನೀಯರ ಬೆಟ್ಟದ ಕೆಳಗೇ ಇಂದು ವೈನ್ ತೋಟ! ನಮ್ಮ ಯಜಮಾನರಿಗೆ ಇದನ್ನು ನೆನಪಿಸಿದೆ. ಅವರು ನಕ್ಕು ಸುಮ್ಮನಾದರು.

ಬೆಟ್ಟ ಇಳಿದು ನಂದಿ ಗ್ರಾಮಕ್ಕೆ ಬನ್ನಿ. 9ನೆಯ ಶತಮಾನದಿಂದ ಬೆಳೆದು ಬಂದ ದೇವಾಲಯವಿದು. ಒಂದು ಕಡೆ ಅರುಣಾಚಲೇಶ್ವರ, ಒಂದು ಕಡೆ ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ, ಮುಂದೆ ಕೆತ್ತನೆಯ ಕಂಬಗಳ ಕಲ್ಯಾಣಮಂಟಪ. ಪಕ್ಕದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ವಿಶಾಲವಾದ ಕಲ್ಯಾಣಿ. ಸ್ಥಳೀಯರು ಹೇಳುವಂತೆ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ತುದಿಯ ಯೋಗನಂದೀಶ್ವರ ವೈರಾಗ್ಯ. ಹೊಸದಾಗಿ ಮದುವೆಯಾದವರು ಇಲ್ಲಿ ಬಂದು ಕೈಮುಗಿಯುತ್ತಾರೆ. ಇಪ್ಪತ್ತು ವರ್ಷ ಸಂಸಾರ ಮಾಡಿದವರೂ ಒಮ್ಮೆ ಬರುವುದು ಒಳ್ಳೆಯದೆಂದು ನನಗನ್ನಿಸಿತು. ಸಮಯವಿದ್ದರೆ ಹತ್ತಿರದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಊರನ್ನೂ ನೋಡಬಹುದು. ಇಲ್ಲವಾದರೆ ಬಿಡಿ. ಕಲ್ಯಾಣಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಹೆಚ್ಚಿಗೆ ಕುಳಿತರೆ ನಷ್ಟವೇನಿಲ್ಲ.

ಆ ಮೆಟ್ಟಿಲ ಮೇಲೆ ಕುಳಿತಾಗ ನಮ್ಮ ಯಜಮಾನರು, "ಹೋದ ಸಲ ನಿನ್ನ ಒಂದು ಮಾತು ಕೇಳಬೇಕಾಗಿತ್ತು" ಎಂದರು. ಇಪ್ಪತ್ತು ವರ್ಷಗಳಲ್ಲಿ ಅವರು ಹಾಗೆ ಹೇಳಿದ್ದು ಕಡಿಮೆ. ಮನೆಯಲ್ಲಾಗಿದ್ದರೆ ಅಷ್ಟರಲ್ಲಿ ಕುಕ್ಕರ್ ಕೂಗುತ್ತಿತ್ತು, ಇಲ್ಲವೇ ಬಾಗಿಲ ಗಂಟೆ ಹೊಡೆಯುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಹಿಂದಿರುಗುವಾಗ ಆ ಹುಣಸೆ ಮರದ ಬಳಿ ಗಾಡಿ ನಿಧಾನ ಮಾಡಿದೆ. ಓಡಿಸುತ್ತಿದ್ದವಳು ನಾನು.

ನೀವೂ ಹೋಗಿ ಬನ್ನಿ. ಪಟ್ಟಿ ಚಿಕ್ಕದಿರಲಿ, ಅದನ್ನು ಇಬ್ಬರೂ ಸೇರಿ ಬರೆಯಿರಿ.