ತಡವಾದ ರೈಲು, ಕಡಿತವಾದ ಕೂಲಿ



ವಾಲ್ಪಾರೈ ಘಾಟಿಯ 40 ತಿರುವು ಇಳಿದು ತಿರುಪ್ಪೂರಿನ ಬನಿಯನ್ ಕಂಪನಿ ಸೇರಿದ ಮಕ್ಕಳು ನಮ್ಮ ಲೈನ್‌ಮನೆಗಳಲ್ಲಿ ಎಷ್ಟೋ ಜನ. ಬಾಡಿಗೆ ಕಡಿಮೆಯೆಂದು ಇರುಗೂರಿನಲ್ಲಿ, ಸೋಮನೂರಿನಲ್ಲಿ ಕೋಣೆ ಹಿಡಿದು ದಿನವೂ ರೈಲಿನಲ್ಲಿ ಓಡಾಡುತ್ತಾರೆ.

ಕಳೆದ ತಿಂಗಳು ನಾನೂ ಅವರೊಡನೆ ಹೋದೆ. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲೆಂದು ನಮ್ಮ ಪ್ಯಾಸೆಂಜರ್ ಗಾಡಿ ಸೂಲೂರು ರೋಡಿನಲ್ಲಿ ನಿಂತೇ ನಿಂತಿತು. ಒಳಗೆ ಎತ್ತಿದ ಕೈ ಇಳಿಸಲು ಜಾಗವಿಲ್ಲ. ನಮ್ಮ ಹುಡುಗಿಯೊಬ್ಬಳು ಊಟದ ಡಬ್ಬಿಯನ್ನು ತಲೆಯ ಮೇಲೆ ಹಿಡಿದೇ ನಿಂತಿದ್ದಳು. ಕಂಪನಿ ಮುಟ್ಟುವಾಗ ನಲವತ್ತು ನಿಮಿಷ ತಡ. ಅರ್ಧ ದಿನದ ಕೂಲಿ ಹೋಯಿತು.

ದ್ರಾಕ್ಷಿತೋಟದ ಯಜಮಾನ ಸಂಜೆ ಐದಕ್ಕೆ ಬಂದವರಿಗೂ ಪೂರಾ ಕೂಲಿ ಕೊಟ್ಟನೆಂದು ಮತ್ತಾಯನ ಶುಭಸಂದೇಶದಲ್ಲಿ ಕೇಳುತ್ತೇವೆ. ಅಂಥ ಯಜಮಾನನನ್ನು ನಾನಿನ್ನೂ ಕಂಡಿಲ್ಲ!

ಈ ಕಡಿತದ ಭಯಕ್ಕೇ ನಮ್ಮ ಗಂಡುಮಕ್ಕಳು ತುಂಬಿದ ಗಾಡಿಯ ಬಾಗಿಲಿಗೆ ಜೋತುಬೀಳುತ್ತಾರೆ. ಬೇಡವೆಂದು ಹೇಳಿ. ಅರ್ಧ ದಿನದ ಕೂಲಿಯನ್ನು ಸಂಘ ಹೋಗಿ ಕೇಳಬಹುದು, ಹೋದ ಕಾಲನ್ನು ಯಾರ ಬಳಿ ಕೇಳೋಣ?

ಇನ್ನೊಂದು ಮಾತು. 2010ರಲ್ಲಿ ಇ.ಎಸ್.ಐ. ಕಾನೂನಿಗೆ ತಿದ್ದುಪಡಿಯಾಗಿ, ಮನೆಗೂ ಕೆಲಸಕ್ಕೂ ನಡುವಿನ ದಾರಿಯಲ್ಲಿ ಆಗುವ ಅಪಘಾತವನ್ನೂ ಕೆಲಸದ ಅಪಘಾತವೆಂದು ಸೇರಿಸಿದರು. ಆದರೆ ಆ ಹೊತ್ತಿಗೆ, ಆ ದಾರಿಯಲ್ಲಿ, ಕೆಲಸಕ್ಕೇ ಹೊರಟಿದ್ದರೆಂದು ತೋರಿಸಬೇಕು. ಆದ್ದರಿಂದ ಸೀಸನ್ ಟಿಕೆಟ್ಟೂ ಇ.ಎಸ್.ಐ. ನಂಬರೂ ಸದಾ ಜೊತೆಯಲ್ಲಿರಲಿ. ಇಂದು ರಾತ್ರಿ ಫೋನ್ ಮಾಡುವಾಗ ಮರೆಯದೆ ತಿಳಿಸಿ.

ಕೂಲಿ ಕಡಿತವಾದವರ ಹೆಸರು, ತಾರೀಕು ಬರೆದು ಮುಂದಿನ ಭಾನುವಾರ ಪೂಜೆಯ ನಂತರ ನನಗೆ ಕೊಡಿ. ಒಬ್ಬೊಬ್ಬರೇ ಮೇಸ್ತ್ರಿಯ ಮುಂದೆ ನಿಲ್ಲುವುದು ಬೇಡ, ಒಟ್ಟಿಗೆ ಹೋಗೋಣ.